ಒಂದೊಂದೇ ತಂತಿ

"ಈ ಕೈ ನಂದೇನಾ?"

ಕೇಳಿಸಿಕೊಳ್ಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗೋಡೆಯಲ್ಲಿ ತೂಗುತ್ತಿದ್ದ ಪಿಟೀಲುಗಳಷ್ಟೇ. ಮೂವತ್ತು ವರ್ಷ ಪಿಟೀಲು ರಿಪೇರಿ ಮಾಡಿದ ಕೈ ಈಗ ತಂತಿ ಬಿಗಿಯುವ ಒಂದು ಬಿರಡೆಯನ್ನು ಅದರ ತೂತಿಗೆ ಸೇರಿಸಲಾರದೆ ಗಡಗಡ ನಡುಗುತ್ತಿತ್ತು. ಮೈಯೆಲ್ಲ ಬೆವರು, ಎದೆಯೊಳಗೆ ಯಾರೋ ಕುಟ್ಟಿದ ಹಾಗೆ. ಕೈ ಹೋದರೆ ಕಸುಬು ಹೋಯಿತು. ಕಸುಬು ಬಿಟ್ಟು ಬೇರೆ ಬದುಕು ಅವರಿಗೆ ಗೊತ್ತಿರಲಿಲ್ಲ. ಬೀದಿಯವರು ಅವರನ್ನು ಕರೆಯುವುದೇ ಪಿಟೀಲಪ್ಪ ಎಂದು.

ಹೊಟ್ಟೆಯ ಆಪರೇಷನ್ ಆದಾಗ ಎರಡು ವಾರಕ್ಕೆಂದು ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಅವರು ಮೂರು ವರ್ಷ ನುಂಗಿದ್ದರು. ಪಕ್ಕದ ಅಂಗಡಿಯಲ್ಲಿ ಫೋಟೋಗೆ ಕಟ್ಟು ಹಾಕುವ ಗೆಳೆಯ ಕೆಣಕಿದ್ದ: "ಏನು ಭಾವ, ಬೆರಳ ತುದಿಯಷ್ಟು ಗುಳಿಗೆಗೆ ಗುಲಾಮನಾ ನೀನು? ನಾನು ಸಿಗರೇಟನ್ನ ಒಂದೇ ಏಟಿಗೆ ಬಿಡ್ಲಿಲ್ವಾ?" ಮಾತು ನಾಟಿತು. ಪಿಟೀಲಪ್ಪ ಅಂದೇ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆದರು. ಇವತ್ತಿಗೆ ನಾಲ್ಕು ದಿನ.

ಅಂಗಡಿಗೆ ಬಂದು ನಡುಕ ಕಂಡ ಹೆಂಡತಿ ಎದುರು ಮನೆಯ ನರ್ಸನ್ನು ಕೈಹಿಡಿದು ಕರೆತಂದರು.

"ಮಾತ್ರೆ ಬಿಟ್ಟಿದೀನಮ್ಮ. ಒಳ್ಳೇದೇ ಮಾಡಿದೀನಲ್ಲ?"

"ಬಿಡೋದು ಒಳ್ಳೇದೇ ಅಣ್ಣ, ಬಿಟ್ಟ ರೀತಿ ಸರಿಯಿಲ್ಲ. ಬಹಳ ದಿನ ತಗೊಂಡಿದ್ದನ್ನ ಹೀಗೆ ತಟ್ಟಂತ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು. ಜೀವಕ್ಕೇ ಅಪಾಯ. ಏಳಿ, ಈಗಲೇ ಡಾಕ್ಟ್ರ ಹತ್ರ."

"ಮತ್ತೆ ಅದನ್ನೇ ನುಂಗಿಸ್ತಾರೆ! ಬಿಟ್ರೆ ಪೂರ್ತಿ ಬಿಡ್ಬೇಕು, ಇಲ್ಲಾ ಸುಮ್ನಿರ್ಬೇಕು."

ನರ್ಸ್ ಮೇಜಿನ ಮೇಲಿದ್ದ ಪಿಟೀಲನ್ನು ತೋರಿಸಿದಳು. "ಇದರ ಹಳೇ ತಂತಿ ಬದಲಾಯಿಸ್ಬೇಕಲ್ಲ? ನಾಲ್ಕನ್ನೂ ಒಂದೇ ಸಲ ಬಿಚ್ಚಿಬಿಡಿ, ನೋಡೋಣ."

"ತಲೆ ಕೆಟ್ಟಿದೆಯಾ ನಿಂಗೆ? ಬಿಗಿ ತಪ್ಪಿದ್ರೆ ತಂತಿ ಹೊತ್ತಿರೋ ಕುದುರೆ ಬೀಳುತ್ತೆ, ಒಳಗೆ ನಿಲ್ಲಿಸಿರೋ ಕಡ್ಡಿ ಉರುಳುತ್ತೆ. ಒಂದು ತೆಗೀಬೇಕು, ಹೊಸದು ಹಾಕ್ಬೇಕು, ಶ್ರುತಿಗೆ ತರ್ಬೇಕು, ಆಮೇಲೆ ಇನ್ನೊಂದು..." ಪಿಟೀಲಪ್ಪ ತಮ್ಮ ಕೈಯನ್ನೊಮ್ಮೆ ನೋಡಿಕೊಂಡು, ಬಿರಡೆಯನ್ನು ಮೇಜಿನ ಮೇಲಿಟ್ಟು ಎದ್ದರು.

"ಮರದ ಮೇಲಿರೋ ಕರುಣೆ ಸ್ವಂತ ಮೈಮೇಲಿಲ್ಲ ಇವರಿಗೆ," ಎಂದರು ಹೆಂಡತಿ, ಚಪ್ಪಲಿ ಮುಂದಿಡುತ್ತಾ.

ಡಾಕ್ಟರು ಬೈಯಲಿಲ್ಲ. ಮೊದಲು ಮಾತ್ರೆ ಮತ್ತೆ ಶುರುಮಾಡಿಸಿದರು. ನಡುಕ ಇಳಿದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ದಾರಿ ಎರಡಿವೆ. ಇದೇ ಮಾತ್ರೆಯನ್ನ ಕೆಲವು ವಾರಕ್ಕೊಮ್ಮೆ ಚೂರುಚೂರೇ ಕಡಿಮೆ ಮಾಡೋದು. ಇಲ್ಲಾ, ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲೋ ಇನ್ನೊಂದು ಮಾತ್ರೆಗೆ ಬದಲಾಯಿಸ್ಕೊಂಡು ಅದನ್ನ ಇಳಿಸೋದು. ನಿಮಗೆ ಯಾವುದು ಒಗ್ಗುತ್ತೋ ಮಾತಾಡಿ ಗೊತ್ತುಮಾಡೋಣ."

"ಮೊದಲನೇದೇ ಇರಲಿ. ಎಷ್ಟು ತಿಂಗಳು?"

"ನಿಮ್ಮ ಮೈ ಕೇಳಿದಷ್ಟು. ಕಷ್ಟ ಆದ್ರೆ ಅದೇ ಮೆಟ್ಟಿಲಲ್ಲಿ ನಿಲ್ಲೋಣ. ನಿಂತ್ರೆ ಸೋತ ಹಾಗಲ್ಲ. ಆದ್ರೆ ನನ್ನ ಕೇಳದೆ ಹೆಚ್ಚು ಕಡಿಮೆ ಮಾಡೋ ಹಾಗಿಲ್ಲ. ಹೆಂಡದ ಸಹವಾಸವೂ ಬೇಡ."

ಯಾವಾಗ ಎಷ್ಟು ಇಳಿಸಬೇಕೆಂದು ಡಾಕ್ಟರು ಬರೆದ ಚೀಟಿಯನ್ನು ಹೆಂಡತಿ ಉಳಿಗಳ ಪಕ್ಕದ ಗೋಡೆಗೆ ಅಂಟಿಸಿದರು. ಎರಡನೆಯ ತಿಂಗಳು ನಿದ್ದೆ ಕೆಟ್ಟಿತು. ಡಾಕ್ಟರನ್ನು ಕೇಳಿ ಮೂರು ವಾರ ಅಲ್ಲೇ ನಿಂತರು. ಐದನೆಯ ತಿಂಗಳು ಹುಮ್ಮಸ್ಸು ಬಂದು ಎರಡು ಮೆಟ್ಟಿಲು ಒಟ್ಟಿಗೆ ಇಳಿಯುತ್ತೇನೆ ಎಂದರು. ಹೆಂಡತಿ ಒಂದು ತಂತಿಯನ್ನು ಎತ್ತಿ ತೋರಿಸಿದರು, ಅಷ್ಟೇ. ಹತ್ತನೆಯ ತಿಂಗಳಿಗೆ ಚೀಟಿ ಮುಗಿಯಿತು, ಮಾತ್ರೆಯೂ ನಿಂತಿತು. ಬಿರಡೆ ತನ್ನ ತೂತನ್ನು ತಾನೇ ಹುಡುಕಿಕೊಂಡಂತೆ ಕೂತಿತು.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಹಳ ಕಾಲದಿಂದ ನಿದ್ದೆಯ ಮಾತ್ರೆ ನುಂಗುವವರು ಇರಬಹುದು. ಅವರನ್ನು ಹಂಗಿಸಬೇಡಿ. ಮಾತ್ರೆಯನ್ನು ಕಸಿದು ಬಿಸಾಡಲೂ ಬೇಡಿ. ಜೊತೆಗೆ ಹೋಗಿ ಡಾಕ್ಟರನ್ನು ಕೇಳಿ. ಒಬ್ಬರ ಚೀಟಿ ಇನ್ನೊಬ್ಬರಿಗೆ ಆಗದು. ಮಾತ್ರೆ ನಿಲ್ಲಿಸಿದ ಮೇಲೆ ಫಿಟ್ಸ್ ಬಂದರೆ, ಬುದ್ಧಿ ಮಂಕಾದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಿಧಾನವಾಗಿ ಇಳಿದವರೂ ಕೆಳಗೆ ಮುಟ್ಟುತ್ತಾರೆ, ಕೈಕಾಲು ಗಟ್ಟಿಯಾಗಿ ಮುಟ್ಟುತ್ತಾರೆ.

ಮೊನ್ನೆ ಬೆಳಿಗ್ಗೆ ಫೋಟೋ ಕಟ್ಟಿನ ಗೆಳೆಯ ಕೆಂಪು ಕಣ್ಣು ಉಜ್ಜುತ್ತಾ ಬಂದು ನಿಂತ. "ಭಾವ, ವಾರದಿಂದ ನಿದ್ದೆ ಇಲ್ಲ. ನಿನ್ನ ಹಳೇ ಮಾತ್ರೆ ಉಳಿದಿದ್ರೆ ಎರಡು ಕೊಡೋ."

ಪಿಟೀಲಪ್ಪ ತಂತಿಯನ್ನು ಶ್ರುತಿಗೆ ತಂದು ನಿಲ್ಲಿಸಿ, ಆಮೇಲೆ ತಲೆಯೆತ್ತಿದರು.

"ಡಾಕ್ಟ್ರ ಹತ್ರ ಬೇಕಾದ್ರೆ ಈಗಲೇ ಜೊತೆಗೆ ಬರ್ತೀನಿ. ಮಾತ್ರೆ ಮಾತ್ರ ಅರ್ಧವೂ ಕೊಡಲ್ಲ."