ಮಹಾರಾಣಿಗೆ ಬಂದ ಸುಳ್ಳು ಗಂಡು

ನನ್ನ ಜೇಡ ಮಹಾರಾಣಿ ಊಟದ ತಟ್ಟೆಗಿಂತ ಅಗಲ. ಗಾಜಿನ ಪೆಟ್ಟಿಗೆಯೊಳಗೆ ಅವಳು ಕಾಲು ಬದಲಿಸಿದರೆ ಕೆಳಮನೆಯವರು ತಲೆಯೆತ್ತಿ ಚಾವಣಿ ನೋಡುತ್ತಿದ್ದರು. ಟರಾಂಟುಲಾ ಎಂಬ ಈ ದೈತ್ಯ ಜೇಡಗಳನ್ನು ಸಾಕುವ ನಮ್ಮ ಮಂದಿಯಲ್ಲಿ ಇವಳ ತಳಿಯ ಬೆರಕೆಯಿಲ್ಲದ ಹೆಣ್ಣು ಇವಳೊಬ್ಬಳೇ. ಸರಿಯಾದ ಗಂಡು ಸಿಕ್ಕಿ ಮರಿಯಾಗದಿದ್ದರೆ ತಳಿ ಇವಳೊಂದಿಗೇ ಮುಗಿಯುತ್ತಿತ್ತು. ಬೇರೆ ಜಾತಿಯ ಗಂಡು ಕೂಡಿದರೆ ಹುಟ್ಟುವುದೆಲ್ಲ ಬೆರಕೆ. ಬೆರಕೆ ಮರಿಗಳನ್ನು ನಾವು ಫ್ರೀಜರಿನಲ್ಲಿಟ್ಟು ಕೊಲ್ಲುತ್ತೇವೆ, ಅದರಲ್ಲಿ ದಾಕ್ಷಿಣ್ಯವಿಲ್ಲ.

ಗಂಡನ್ನು ತಂದವನು ಅಕ್ಕನ ಗಂಡ. ಡಬ್ಬಿಯ ಮೇಲೆ ಮಹಾರಾಣಿಯ ತಳಿಯದೇ ಚೀಟಿ. ಕೊನೆಯ ಪೊರೆ ಕಳಚಿದ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರದ ಕಂದು ಕಡ್ಡಿಗಳು. ಚೀಟಿ ನಂಬಿದೆ.

"ಹೊಟ್ಟೆ ತುಂಬ ಜಿರಲೆ ಹಾಕಿದ್ದೀಯಾ ತಾನೆ? ನನ್ನ ಹುಡುಗನ್ನ ತಿಂದುಬಿಟ್ಟಾಳು."

"ನಿಮ್ಮಷ್ಟು ತಿನ್ನಲ್ಲ ಬಿಡಿ, ಭಾವ."

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಕಿಸಕ್ಕೆಂದಳು.

ಗಂಡು ಒಳಗಿಳಿದು ಮುಂಗಾಲುಗಳಿಂದ ನೆಲ ಬಡಿಯತೊಡಗಿತು. ಹೆಣ್ಣನ್ನು ಕರೆಯುವ ರೀತಿ ಅದು. ನನ್ನ ಕಿವಿ ಎಂಥದೆಂದರೆ, ಇರುವೆ ಕೆಮ್ಮಿದರೆ ಯಾವ ಇರುವೆಯೆಂದು ಹೇಳಬಲ್ಲೆ. ಈ ತಳಿಯ ಗಂಡು ಬಡಿದು, ನಿಂತು, ಮತ್ತೆ ಬಡಿಯುತ್ತದೆ. ಇದೋ ಹೊಲಿಗೆ ಯಂತ್ರದಂತೆ ಒಂದೇ ಸಮನೆ ಬಡಿಯಿತು.

"ಭಾವ, ಇದು ಬೇರೆ ಜಾತಿ. ತೆಗೀರಿ ಆಚೆ."

"ಗೊತ್ತು ಕಣೋ. ಇವಳ ನೀಲಿ ಕಾಲು, ಅವನ ಜಾತಿಯ ಕೆಂಪು ಹೊಟ್ಟೆ, ಎರಡೂ ಒಂದೇ ಮರೀಲಿ ಯಾರು ನೋಡಿದಾರೆ? ಚೀಟಿ ನಾನೇ ಅಂಟಿಸಿದ್ದು."

ನಾನು ಇಕ್ಕಳ ಎತ್ತಿಕೊಳ್ಳುವಷ್ಟರಲ್ಲಿ ಮಹಾರಾಣಿ ಸಿಡಿಲಿನಂತೆ ಎರಗಿದಳು. ಗಂಡಿನ ತಲೆಗೆ ಹಲ್ಲಿಳಿಸಿ ಕರಕರ ಅಗಿದಳು. ಭಾವ ಬರಿಗೈ ಹಾಕಿ ಅದನ್ನು ಎಳೆದ. ಅವಳು ಗಂಡನ್ನು ಬಿಡದೆ ಮುಂಗೈಗೆ ಹತ್ತಿ, ಒಂದು ಹಲ್ಲನ್ನು ಅವನ ಹೆಬ್ಬೆರಳಿಗೂ ಇಳಿಸಿದಳು. ಆ ತೂತಿನಲ್ಲಿ ಹಗ್ಗ ಪೋಣಿಸಬಹುದಿತ್ತು. ಭಾವನ ಅರಚಾಟಕ್ಕೆ ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು.

"ಕೈ ಕೊಡವಬೇಡಿ," ಎಂದೆ. ಟರಾಂಟುಲಾ ಎಷ್ಟೇ ದೊಡ್ಡದಾಗಲಿ, ಅದರ ಹೊಟ್ಟೆ ನೀರು ತುಂಬಿದ ಬಲೂನು; ಮೇಜಿನೆತ್ತರದಿಂದ ಬಿದ್ದರೂ ಒಡೆಯುತ್ತದೆ.

ಅವನು ಕೊಡವಿದ. ಮಹಾರಾಣಿ ಗೋಡೆಗೆ ಅಪ್ಪಳಿಸಿ ಒಡೆದಳು. ತಿಳಿನೀಲಿ ರಕ್ತ ಸುಣ್ಣದ ಮೇಲೆ ಇಳಿಯಿತು.

ಆಮೇಲೆ ನಾನು ಭಾವನ ಬಾಯಿಗೆ ಗುದ್ದಿದೆ. ನಾಲ್ಕು ಹಲ್ಲು ಉದುರಿದವು. ಅಕ್ಕ ಒಂದೇ ಎನ್ನುತ್ತಾಳೆ. ಅವಳು ಹೇಳುವುದೆಲ್ಲ ಹಾಗೇ, ಕಡಿಮೆ ಮಾಡಿ. ಪೊರಕೆಯಿಂದ ಅವಳು ಇಬ್ಬರಿಗೂ ಸಮನಾಗಿ ಬಾರಿಸಿದಳು.

ನೆಲದ ಮೇಲೆ ಮಹಾರಾಣಿಯ ಕಾಲುಗಳು ಒಂದೊಂದಾಗಿ ಒಳಕ್ಕೆ ಮಡಚಿಕೊಂಡವು. ಬಾಯಲ್ಲಿ ಆ ಗಂಡಿನ ತಲೆ ಹಾಗೇ ಇತ್ತು. ತಳಿ ಮುಗಿಯಿತು, ಬೆರಕೆಯಾಗದೆ.

ಭಾವ ಕುಂಬಳದಷ್ಟು ಊದಿದ ಕೈ ಹಿಡಿದುಕೊಂಡು ರಕ್ತ ಉಗುಳಿದ.

"ಈ ಮಹಾರಾಣಿ ತಂಗಿ ಯಾರ ಹತ್ರಾನಾದ್ರೂ ಇದಾಳೇನೋ?"

ಅಕ್ಕ ಪೊರಕೆಯನ್ನು ತಿರುಗಿಸಿ, ಹಿಡಿಯ ಕಡೆ ಮುಂದೆ ಮಾಡಿ ಭಾವನತ್ತ ನಡೆದಳು. ನಾನು ತಡೆಯಲಿಲ್ಲ.