ಮತವಿಲ್ಲದ ಅಧ್ಯಕ್ಷರು

ನಾಲ್ಕು ವರ್ಷಕ್ಕೊಮ್ಮೆ, ಅಮೆರಿಕದಲ್ಲಿ ಮತ ಎಣಿಸುವ ದಿನ, ಅವರು ತಮ್ಮ ಕಪ್ಪು ಉಣ್ಣೆಯ ಕೋಟಿಗೆ ಕೊರಳವರೆಗೆ ಗುಂಡಿ ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದರು. ಎಷ್ಟೇ ಸೆಖೆಯಿರಲಿ, ಸಂಜೆಯವರೆಗೆ ಆ ಕೋಟು ಕಳಚುತ್ತಿರಲಿಲ್ಲ. ಮುಖ ಮಾತ್ರ ಕಾಯಿಲೆಯವರನ್ನು ನೋಡಲು ಹೊರಟವರದು. ಕ್ಷಯರೋಗದ ಆಸ್ಪತ್ರೆಯಲ್ಲಿ ಕಿಟಕಿಯಾಚೆ ಕೂತು ಗುಳಿಗೆ ಕೊಡುವ ಮನುಷ್ಯನಿಗೂ ಸಾಗರದಾಚೆಯ ಸಿಂಹಾಸನಕ್ಕೂ ಎಲ್ಲಿಯ ನಂಟು ಎಂದು ನಗುತ್ತಿದ್ದ ಸಿಬ್ಬಂದಿ ಅವರಿಗೆ ‘ಅಧ್ಯಕ್ಷರು’ ಎಂದು ಹೆಸರಿಟ್ಟಿತ್ತು. ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಒಮ್ಮೆ ಊಟದ ಡಬ್ಬಿ ತಂದ ಅವರ ಹೆಂಡತಿಯೇ ಕಾವಲುಗಾರನನ್ನು, “ಅಧ್ಯಕ್ಷರು ಒಳಗಿದಾರಾ?” ಎಂದು ಕೇಳಿದ್ದುಂಟು.

ಮೂವತ್ತು ವರ್ಷ ಎರಡು ಕಪಾಟುಗಳ ನಡುವಿನ ಇಕ್ಕಟ್ಟಿನಲ್ಲಿ ಓಡಾಡಿ ಅವರ ನಡಿಗೆಯೇ ಅಡ್ಡವಾಗಿಹೋಗಿತ್ತು. ಹೆದ್ದಾರಿಯಲ್ಲೂ ಒಂದು ಭುಜ ಮುಂದೆ ಚಾಚಿ, ಯಾರಿಗೋ ದಾರಿ ಬಿಡುವವರಂತೆ ಸಾಗುತ್ತಿದ್ದರು. ಗುಳಿಗೆಗಳನ್ನು ತಟ್ಟೆಗೆ ಸುರಿದು ಚಪ್ಪಟೆ ಕಡ್ಡಿಯಿಂದ ಐದೈದಾಗಿ ಸರಿಸುವಾಗ ಯಾರು ಮಾತಾಡಿಸಿದರೂ ಉತ್ತರವಿಲ್ಲ. ತಟ್ಟೆ ಖಾಲಿಯಾದ ಮೇಲೆ ತಲೆಯೆತ್ತಿ, “ಹಾಂ, ಈಗ ಹೇಳಿ” ಎನ್ನುವರು. ಹಿರಿಯ ವೈದ್ಯರೂ ಆ ‘ಹಾಂ’ಗಾಗಿ ಕಾಯಬೇಕಿತ್ತು.

ನನ್ನ ಅತ್ತಿಗೆಗೆ ಸಾಮಾನ್ಯ ಮದ್ದಿಗೆ ಜಗ್ಗದ ಕ್ಷಯ ತಗುಲಿ, ತಿಂಗಳಿಗೊಮ್ಮೆ ಅವರ ಚೀಟಿ ಹಿಡಿದು ಆ ಕಿಟಕಿಯ ಮುಂದೆ ನಿಲ್ಲುವ ಸರದಿ ನನ್ನದಾದಾಗಲೇ ಅಧ್ಯಕ್ಷರ ಹುಚ್ಚಿನ ಹಿಂದಿನ ಅರ್ಥ ನನಗೆ ತಿಳಿದದ್ದು. ಒಂದೂವರೆ ವರ್ಷದ ಚಿಕಿತ್ಸೆ ಅದು. ನಡುವೆ ನಿಂತರೆ ರೋಗ ಬಲಿತು ಆ ಮದ್ದಿಗೂ ಬಗ್ಗದಂತಾಗಬಹುದು. ಗುಳಿಗೆಗಳು ಬರುತ್ತಿದ್ದದ್ದು ಅಮೆರಿಕದ ನೆರವಿನಿಂದ. ಅಲ್ಲಿ ಗೆದ್ದವರು ಕೈ ಬಿಗಿಹಿಡಿದರೆ ಇಲ್ಲಿ ಕಪಾಟು ಬರಿದು. ಆದ್ದರಿಂದ, ಅಲ್ಲಿಯ ಚುನಾವಣೆಗೆ ಎರಡು ತಿಂಗಳಿರುವಾಗಲೇ ಹೆಚ್ಚುವರಿ ದಾಸ್ತಾನಿಗೆ ಬೇಡಿಕೆಪತ್ರ ಕಳಿಸಿಬಿಡುವುದು ಅವರ ಪದ್ಧತಿ. ಯಾವ ನಿಯಮಾವಳಿಯಲ್ಲೂ ಇಲ್ಲದ, ಅವರೇ ಮಾಡಿಕೊಂಡ ಪದ್ಧತಿ ಅದು.

ನಾನಾದರೋ ಪತ್ರಿಕೆಯೊಂದರ ವಿದೇಶಪುಟದ ಉಪಸಂಪಾದಕ. ಸರ್ವಜ್ಞತ್ವ ಸಂಬಳದ ಜೊತೆಗೇ ಬರುತ್ತದೆಂದು ನಂಬಿದ್ದವನು. ಆ ವರ್ಷ ಅವರು ಪತ್ರ ಬರೆಯುತ್ತಿದ್ದುದನ್ನು ಕಂಡು, “ಈ ಸಲ ಅದೆಲ್ಲ ಬೇಡ ಬಿಡಿ. ನೆರವು ಮುಂದುವರಿಸ್ತೀವಿ ಅಂದವರೇ ಮುಂದಿದಾರೆ. ದೇಶದ ಒಟ್ಟು ಮತ ಅವರಿಗೇ ಜಾಸ್ತಿ ಬೀಳುತ್ತೆ” ಎಂದೆ.

“ಅಲ್ಲಿ ಒಟ್ಟು ಮತ ನೋಡಲ್ಲ ಸಾರ್. ರಾಜ್ಯ ರಾಜ್ಯಕ್ಕೂ ಬೇರೆ ಲೆಕ್ಕ. ನಾಲ್ಕೈದು ರಾಜ್ಯ ಆ ಕಡೆ ವಾಲಿದ್ರೆ ಮುಗೀತು.”

ನಾನು ನಕ್ಕು ಇಂಗ್ಲಿಷ್ ವಾರಪತ್ರಿಕೆಯನ್ನು ಬಿಡಿಸಿ ಅವರ ಮುಂದೆ ಹಿಡಿದೆ. ಅಚ್ಚಾದ ಅಕ್ಷರದ ಮೇಲೆ ಅವರಿಗೆ ವಿಪರೀತ ಗೌರವ. ಸಾಲದ್ದಕ್ಕೆ, ಹೆಚ್ಚಿನ ದಾಸ್ತಾನು ಅವಧಿ ಮೀರಿ ಹಾಳಾಗುತ್ತದೆಂದು ಹಿರಿಯ ವೈದ್ಯರೂ ಗೊಣಗುತ್ತಿದ್ದರು. ಪತ್ರ ಮೇಜಿನ ಖಾನೆ ಸೇರಿತು.

ಒಟ್ಟು ಮತದ ವಿಷಯದಲ್ಲಿ ನಾನು ಹೇಳಿದ್ದೇ ನಿಜವಾಯಿತು. ಗೆದ್ದವರು ಮಾತ್ರ ಬೇರೆಯವರು.

ಮರುದಿನ ಕಿಟಕಿಯ ಮುಂದೆ ಜನವೋ ಜನ. ಮದ್ದು ಇವತ್ತೇ ನಿಲ್ಲುತ್ತದಂತೆ ಎಂಬ ಗುಲ್ಲು. ಅವರು ತಟ್ಟೆ ಖಾಲಿ ಮಾಡಿ, ತಲೆಯೆತ್ತಿ, “ಗೆದ್ದವರು ಕುರ್ಚಿ ಮೇಲೆ ಕೂರೋದು ಜನವರಿ ಇಪ್ಪತ್ತಕ್ಕೆ. ಅಲ್ಲೀವರೆಗೂ ಹಳಬರ ಸಹಿನೇ ನಡೆಯುತ್ತೆ. ಇನ್ನೂ ಎಪ್ಪತ್ತು ದಿನದ ಮೇಲಿದೆ. ಸಾಲಾಗಿ ನಿಲ್ಲಿ” ಎಂದರು. ಆಮೇಲೆ ಖಾನೆಯಿಂದ ಪತ್ರ ತೆಗೆದು, ತಾರೀಖು ತಿದ್ದಿ, ಅಂಚೆಗೆ ಹಾಕಿ ಬನ್ನಿ ಎಂದು ನನ್ನ ಕೈಗೇ ಕೊಟ್ಟರು. ಒಂದು ಕಟುಮಾತನ್ನೂ ಆಡಲಿಲ್ಲ. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ಜನವರಿಯ ಎರಡನೆಯ ವಾರ, ಕೇಳಿದ್ದರಲ್ಲಿ ಅರ್ಧ ದಾಸ್ತಾನು ಬಂತು. ತಡವಾಗಿ ಕೇಳಿದವರಿಗೆ ಉಳಿದದ್ದು ಅಷ್ಟೇ ಎಂದು ಜೊತೆಯ ಕಾಗದದಲ್ಲಿತ್ತು. ಆಮೇಲೆ ಏನೂ ಬರಲಿಲ್ಲ. ತಿಂಗಳಿಗೆ ಕೊಡುತ್ತಿದ್ದ ಮದ್ದನ್ನು ಅವರು ಹತ್ತು ಹತ್ತು ದಿನಕ್ಕೆ ಕೊಡತೊಡಗಿದರು, ಒಬ್ಬರಿಗೆ ತುಂಬಿ ಇನ್ನೊಬ್ಬರಿಗೆ ಇಲ್ಲವೆನ್ನುವಂತಾಗಬಾರದೆಂದು. ಮೇ ತಿಂಗಳಲ್ಲಿ ಕಪಾಟು ಪೂರ್ತಿ ಬರಿದಾಯಿತು.

ಆ ದಿನ ಕಿಟಕಿ ಮುಚ್ಚಿರುತ್ತದೆಂದುಕೊಂಡೇ ನಾನು ಅತ್ತಿಗೆಯೊಡನೆ ಹೋದೆ. ತೆರೆದಿತ್ತು. ಅತ್ತಿಗೆಯನ್ನು ಕಂಡು ಅವರು ಎದ್ದು ನಿಂತರು.

“ತಾಯಿ, ಇವತ್ತು ಇಲ್ಲ. ನಾಳೆ ಮತ್ತೆ ಬನ್ನಿ. ದಿನಾ ಬನ್ನಿ.”

“ಇಲ್ಲ ಅನ್ನೋಕೆ ಯಾಕಣ್ಣ ದಿನಾ ಬಾಗಿಲು ತೆಗೆದು ಕೂರ್ತೀರಿ?” ಎಂದರು ಅತ್ತಿಗೆ.

“ಮುಚ್ಚಿದ್ರೆ ನೀವು ಬರೋದನ್ನೇ ಬಿಟ್ಟುಬಿಡ್ತೀರಿ. ಆಮೇಲೆ ಮದ್ದು ಬಂದ್ರೂ ನಾನು ಯಾರಿಗೆ ಕೊಡಲಿ?”

ಅವರ ಪಟ್ಟಿಯಲ್ಲಿ ಇಪ್ಪತ್ತೆರಡು ಜನರಿದ್ದರು. ಹತ್ತೊಂಬತ್ತು ದಿನ ಒಬ್ಬೊಬ್ಬರ ಮುಖ ನೋಡಿಯೇ ‘ಇಲ್ಲ’ ಎಂದರು. ಇಪ್ಪತ್ತನೆಯ ದಿನ ಬೇರೊಂದು ದೇಶದ ನೆರವಿನಿಂದ ಮದ್ದು ಬಂದಾಗ ಸಾಲಿನಲ್ಲಿದ್ದವರು ಇಪ್ಪತ್ತೊಂದು. ಬಾರದವನು ಒಬ್ಬ ಬಸ್ಸು ಚಾಲಕ. ವಾರದ ಹಿಂದೆ, “ಇನ್ನು ನಂಬಲ್ಲ” ಎಂದು ಚೀಟಿ ಹರಿದು ಹೋಗಿದ್ದವನು. ಅಧ್ಯಕ್ಷರು ಅವನ ಮನೆ ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಅವನು ತೀರಿಕೊಂಡಿದ್ದ.

ಅತ್ತಿಗೆ ಇಂದು ಚೆನ್ನಾಗಿದ್ದಾರೆ. ನಾನು ಮಾತ್ರ ಆ ಚಾಲಕನನ್ನು ಮರೆತಿಲ್ಲ. ಅದನ್ನು ಅಧ್ಯಕ್ಷರ ಬಳಿ ಹೇಳಿಕೊಂಡಾಗ, “ಮೊದಲೇ ಬರೆದಿದ್ರೂ ಅರ್ಧನೇ ಬರ್ತಿತ್ತೇನೋ ಸಾರ್” ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು.

ಪರದೇಶದ ಚುನಾವಣೆ ನಮ್ಮಂಥವರಿಗೆ ಪುಟ ತುಂಬುವ ಸುದ್ದಿ, ಹೆಚ್ಚೆಂದರೆ ದೂರದಿಂದ ನೋಡುವ ಪಂದ್ಯ. ಅದಕ್ಕಾಗಿ ಊಟ ನಿದ್ದೆ ಕೆಡಿಸಿಕೊಳ್ಳುವವರನ್ನು ಕಂಡು, ತಮಗೆ ಸಂಬಂಧವಿಲ್ಲದ್ದಕ್ಕೆ ತಲೆಹಾಕುವವರೆಂದು ನಾವು ನಗುತ್ತೇವೆ. ಆದರೆ ಯಾರದೋ ತೀರ್ಪು ಸಾಗರ ದಾಟಿ ಬಂದು ಕೊನೆಗೊಮ್ಮೆ ಒಂದು ಸಣ್ಣ ಕಿಟಕಿಯಲ್ಲಿ ನಿಲ್ಲುತ್ತದೆ. ಅಲ್ಲಿ ಇಂಥವರೊಬ್ಬರು ಕೂತಿರುತ್ತಾರೆ. ಆ ದೇಶದಲ್ಲಿ ಮತ ಹಾಕಿದ ಕೋಟಿ ಕೋಟಿ ಜನರಲ್ಲಿ ಒಬ್ಬರೂ ಆ ಚಾಲಕನ ಮುಖ ನೋಡಲಿಲ್ಲ. ಮತವೇ ಇಲ್ಲದ ಇವರು ನೋಡಿದರು.