ಸ್ಟಾಫ್ ಕೋಟಾದ ಕಾರು

"ಇದರ ಹಿಂದೆ ಯಾರೋ ಇದ್ದಾರೆ. ಯಾರು ಅಂತ ನೀನೇ ಹೋಗಿ ತಿಳಿದುಕೊಂಡು ಬಾ," ಎಂದು ಮ್ಯಾನೇಜರ್ ಪೇಸ್ತನ್‌ಜಿ ಕಾರಿನ ಅರ್ಜಿಯನ್ನು ಗುಮಾಸ್ತ ಸೀತಾರಾಮನ ಕಡೆಗೆ ತಳ್ಳಿದರು. ಅವರದು ಗುಜರಾತಿ ಬೆರೆತ ಹಿಂದಿ. ಸಿಟ್ಟು ಬಂದರೆ ಇಂಗ್ಲಿಷಿಗೆ ತಿರುಗುತ್ತಿದ್ದರು. ಸದ್ಯಕ್ಕೆ ಹಿಂದಿಯಲ್ಲೇ ಇದ್ದರು.

ಅರ್ಜಿ ಹಾಕಿದವಳು ಶೀಲಾವತಿ, ಕಂಪನಿಯ ಟೆಲಿಫೋನ್ ಆಪರೇಟರ್. ಮೆಟ್ಟಿಲ ಕೆಳಗಿನ ಸಣ್ಣ ಗೂಡಿನಲ್ಲಿ ಬೋರ್ಡಿನ ಮುಂದೆ ಕೂತು, ಬಂದ ಫೋನುಗಳನ್ನು ಅವರವರಿಗೆ ಕೊಡುವುದು ಅವಳ ಕೆಲಸ. ಆಪೆರಾ ಹೌಸ್ ಬಳಿಯ ಆ ಮೋಟಾರು ಕಂಪನಿಗೆ ಸೀತಾರಾಮ ಸೇರುವುದಕ್ಕೆ ಕೆಲವು ತಿಂಗಳು ಮುಂಚೆಯೇ ಅವಳು ಸೇರಿದ್ದಳು. ಈ ಸಂಗತಿ ಅವಳನ್ನು ಬಿಟ್ಟು ಬೇರೆ ಯಾರಿಗೂ ನೆನಪಿರಲಿಲ್ಲ.

ಆ ಕಾಲಕ್ಕೆ ಮುಂಬಯಿಯಲ್ಲಿ ಫಿಯೆಟ್ ಬೇಕೆಂದರೆ ದುಡ್ಡಿದ್ದರೆ ಸಾಲದು, ಮುಂಗಡ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕುರ್ಲಾದ ಕಾರ್ಖಾನೆಯಿಂದ ತಿಂಗಳಿಗೆ ಬರುವ ಕಾರುಗಳಲ್ಲಿ ಸರ್ಕಾರಿ ಸಾಹೇಬರಿಗೆ ಇಷ್ಟು, ಡಾಕ್ಟರುಗಳಿಗೆ ಇಷ್ಟು ಎಂದು ಹೋಗಿ, ಉಳಿದದ್ದು ಸರದಿಯವರಿಗೆ. ಯಾರಿಗೆ ಈ ತಿಂಗಳು ಉಂಟು, ಯಾರಿಗೆ ಇಲ್ಲ ಎಂದು ಬರೆಯುವವನು ಸೀತಾರಾಮ. ಬರೆಸುವವರು ಪೇಸ್ತನ್‌ಜಿ. ಇದರ ನಡುವೆ ವರ್ಷಕ್ಕೊಂದು ಕಾರನ್ನು ಕಂಪನಿ ತನ್ನ ಕೆಲಸಗಾರರಿಗೆಂದು ಎತ್ತಿಡುತ್ತಿತ್ತು. ತನ್ನ ಕಮಿಷನ್ ಬಿಟ್ಟು, ಕಾರ್ಖಾನೆಯಿಂದ ಬಂದ ಬೆಲೆಗೇ ಕೊಡುತ್ತಿತ್ತು. ಹಳಬರಿಗೆ ಮೊದಲು. ಷರತ್ತು ಎರಡೇ: ತನ್ನ ಸ್ವಂತಕ್ಕೆ ಕೊಳ್ಳಬೇಕು, ಎರಡು ವರ್ಷ ಮಾರಕೂಡದು.

ಷೋರೂಮಿನ ಬಾಗಿಲು ದಾಟಿದ ಕಾರಿಗೆ ಪೇಟೆಯಲ್ಲಿ ಹೊಸ ಕಾರಿಗಿಂತ ಹೆಚ್ಚು ಬೆಲೆ ಇದ್ದುದರಿಂದ ಈ ಷರತ್ತು ಹೆಸರಿಗೆ ಮಾತ್ರ ಉಳಿದಿತ್ತು. ಕಾಗದ ಗುಮಾಸ್ತನ ಹೆಸರಿನಲ್ಲಿ, ಕಾರು ಯಾವುದೋ ಸೇಠನ ಬಾಗಿಲಲ್ಲಿ. ಸೀತಾರಾಮನೂ ಈ ವರ್ಷದ ಕಾರಿಗೆ ಅರ್ಜಿ ಹಾಕಿ, ಕಾಲ್ಬಾದೇವಿಯ ಬಟ್ಟೆ ವ್ಯಾಪಾರಿಯೊಬ್ಬನೊಡನೆ ಮಾತು ಮುಗಿಸಿದ್ದ. ಕಾರಿನ ದುಡ್ಡು ವ್ಯಾಪಾರಿಯದು. ಹೆಸರು ಕೊಟ್ಟದ್ದಕ್ಕೆ ಮೇಲೆ ಅವನು ಕೊಡುವುದರಿಂದ ಗೋರೆಗಾಂವ್‌ನಲ್ಲಿ ಏಳುತ್ತಿದ್ದ ಸೊಸೈಟಿ ಕಟ್ಟಡದಲ್ಲಿ ಎರಡು ಕೋಣೆಯ ಬ್ಲಾಕು ಮನೆಯೊಂದಕ್ಕೆ ದೀಪಾವಳಿಯೊಳಗೆ ಮುಂಗಡ ಕಟ್ಟಬಹುದಿತ್ತು. ಹೆಂಡತಿ ಪುಟ್ಟಲಕ್ಷ್ಮಿ ಆ ಜಾಗ ನೋಡಿ ಬಂದು, ಒಲೆ ಯಾವ ಗೋಡೆಗೆ ಇರಬೇಕೆಂದು ಕೂಡ ಗೊತ್ತುಮಾಡಿದ್ದಳು. ಪೇಸ್ತನ್‌ಜಿಗೆ ಇದೆಲ್ಲ ತಿಳಿದಿತ್ತು, ಕೇಳಿರಲಿಲ್ಲ ಅಷ್ಟೆ.

"ಹೆಂಗಸು, ಮದುವೆಯಿಲ್ಲ, ಗಾಡಿ ಓಡಿಸಲು ಬರುವುದಿಲ್ಲ. ಅವಳಿಗೆ ಕಾರು ಯಾತಕ್ಕೆ?" ಎಂದರು ಪೇಸ್ತನ್‌ಜಿ. "ಬೇರೆಯವರ ದುಡ್ಡು ಒಂದಿಷ್ಟು ಇದೆ ಅಂತ ತಿಳಿದರೂ ಸಾಕು, ಅರ್ಜಿ ತಳ್ಳಿಹಾಕುತ್ತೇನೆ. ಆಮೇಲೆ ನಿನ್ನದೇ."

ಅವಳಿಗೆ ಕಾರು ಯಾತಕ್ಕೆ? ಆ ವಾರವೆಲ್ಲ ಸೀತಾರಾಮನಿಗೆ ಅದೇ ಯೋಚನೆ. ಬ್ಲಾಕಿನ ಚಿಂತೆಗಿಂತಲೂ ಈ ಪ್ರಶ್ನೆಯೇ ಅವನನ್ನು ಹೆಚ್ಚು ಕೊರೆಯತೊಡಗಿತು. ಗೂಡಿನ ಮುಂದೆ ಹಾದುಹೋಗುವಾಗಲೆಲ್ಲ ಕತ್ತು ಚಾಚಿ ನೋಡಿದ. ಅವಳು ಎಂದಿನಂತೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಣ್ಣನ್ನು ಗೋಡೆಯ ಮೇಲಿಟ್ಟು, ಯಾರಿಗೋ ಮೆಲ್ಲಗೆ ಏನೋ ಹೇಳುತ್ತಿದ್ದಳು.

ಭಾನುವಾರ ಮಾಟುಂಗಾ ರೋಡಿನಲ್ಲಿ ಲೋಕಲ್ ಹತ್ತಿ ಬಾಂದ್ರಾದಲ್ಲಿ ಇಳಿದ. ಸ್ಟೇಷನ್ನಿನ ಎದುರಿಗೇ ಅವಳ ಅಣ್ಣ ಪೂವಪ್ಪನ ಹೋಟೆಲು, ಅದರ ಮೇಲೆ ಅವರ ಮನೆ. ಪೂವಪ್ಪ ಗಲ್ಲಾದಲ್ಲಿ ಕೂತಿದ್ದ. ಸೀತಾರಾಮ ಯಾವ ಕಂಪನಿಯವನೆಂದು ತಿಳಿದ ಕೂಡಲೇ ಎದ್ದು ನಿಂತ.

"ಕಾರಿನ ವಿಷಯವಾ? ನೀವಾದರೂ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೇ. ನನ್ನ ಮಾತು ಅವಳು ಕೇಳುವುದಿಲ್ಲ. ಸ್ಟೇಷನ್ ಇಲ್ಲೇ ಉಂಟು, ಬಸ್ಸು ಬಾಗಿಲಿಗೇ ಬರ್ತದೆ. ಇವಳಿಗೆ ಕಾರು ಎಂತಕ್ಕೆ?"

"ನಿಮ್ಮ ಹೋಟೆಲಿಗೆ ಅಂತ ತಿಳಿದಿದ್ದೆ."

"ನನಗಾ? ನಾನು ಅದರಲ್ಲಿ ಬಟಾಟೆ ಮೂಟೆ ಹೊರಬೇಕಾ?" ಪೂವಪ್ಪ ನಕ್ಕ. "ಅಮ್ಮ ಅವಳ ಮದುವೆಗೆ ಅಂತ ಇಟ್ಟ ಚಿನ್ನ ಇತ್ತು. ಮದುವೆ ಆಗಲಿಲ್ಲವಲ್ಲ. ಅದು, ಮತ್ತೆ ಅವಳ ಉಳಿತಾಯ. ಕಡಿಮೆ ಬಿದ್ದದ್ದಕ್ಕೆ ನಾನು ಸ್ವಲ್ಪ ಕೊಟ್ಟಿದ್ದೇನೆ. ಬೇಡ ಅಂದರೂ ಸಾಲ ಅಂತಲೇ ತೆಗೊಂಡಳು."

'ಸ್ವಲ್ಪ ಕೊಟ್ಟಿದ್ದೇನೆ' ಎಂಬ ಮಾತು ಸೀತಾರಾಮನ ಕಿವಿಯಲ್ಲಿ ನಿಂತಿತು. ಪೇಸ್ತನ್‌ಜಿಗೆ ಅಷ್ಟೇ ಸಾಕಿತ್ತು. ಅಲ್ಲಿಂದಲೇ ಹಿಂದಿರುಗಬಹುದಾಗಿತ್ತು. ಆದರೆ ಕಾರು ಯಾತಕ್ಕೆ ಎನ್ನುವುದು ಇನ್ನೂ ತಿಳಿದಿರಲಿಲ್ಲ, ಅದನ್ನು ತಿಳಿಯದೆ ಹೋಗಲು ಮನಸ್ಸು ಬರಲಿಲ್ಲ. ಮೆಟ್ಟಿಲು ಹತ್ತಿದ.

ಶೀಲಾವತಿ ಅವನನ್ನು ಕಂಡು ಬೆರಗಾಗಲಿಲ್ಲ. "ಪೇಸ್ತನ್‌ಜಿ ಕಳಿಸಿದ್ದಾ?" ಎಂದು ಕೇಳಿದಳು.

"ಹೌದಮ್ಮ," ಎಂದ. ಸುಳ್ಳು ಹೇಳಲು ತಯಾರಾಗಿ ಬಂದಿದ್ದವನಿಗೆ ಆ ಕ್ಷಣಕ್ಕೆ ಸುಳ್ಳು ಒದಗಲಿಲ್ಲ.

ಕೆಳಗಿನಿಂದ ಬಿಸಿ ಬನ್ಸ್, ಕಾಫಿ ಬಂದವು. ಅವನು ತಿನ್ನುವುದನ್ನೇ ನೋಡುತ್ತ ಅವಳು ಕಿಟಕಿಗೆ ಒರಗಿ ಕೂತಳು. ಹೆಡ್‌ಫೋನು ಇಲ್ಲದ ಅವಳ ತಲೆಯನ್ನು ಅವನು ನೋಡಿದ್ದು ಅಪರೂಪ. ಕಿವಿಯ ಮೇಲೆ ಪಟ್ಟಿ ಒತ್ತಿ ಒತ್ತಿ ಕೂದಲು ತೆಳ್ಳಗಾಗಿತ್ತು.

"ಇದ್ದದ್ದನ್ನೇ ಕೇಳಿಬಿಡುತ್ತೇನೆ. ನಿಮಗೆ ಕಾರು ಯಾತಕ್ಕೆ?"

"ಈ ತಿಂಗಳು ಇಂಥವರಿಗೆ ಇಲ್ಲ ಅಂತ ನೀವು ಬರೆದು ಕಳಿಸ್ತೀರಲ್ಲ ರಾಯರೇ, ನೀವು ಬರೀತೀರಿ ಅಷ್ಟೆ. ಹೇಳುವವಳು ನಾನು. ಮೊದಲು ಬೈತಾರೆ. ಅದು ತೊಂದರೆ ಇಲ್ಲ. ಆಮೇಲೆ ಬೇಡಿಕೊಳ್ತಾರೆ. ಒಬ್ಬ ದೊಡ್ಡ ವಕೀಲರು ಅತ್ತೇಬಿಟ್ಟರು. ಅವರ ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಕ್ಕಿಲ್ಲ. ಎಷ್ಟು ವರ್ಷದಿಂದ ಕೇಳ್ತಾ ಇದ್ದೇನೆ. ಅಂಥದ್ದು ಅದರೊಳಗೆ ಎಂತ ಉಂಟು ಅಂತ ನನಗೆ. ಷೋರೂಮಿನಲ್ಲಿ ನಿಂತದ್ದನ್ನು ದಿನಾ ನೋಡ್ತೇನೆ. ಒಳಗೆ ಕೂತದ್ದಿಲ್ಲ. ಒಮ್ಮೆ ಕೂತು ನೋಡಬೇಕು."

ಸೀತಾರಾಮ ಬಾಯಲ್ಲಿದ್ದ ತುತ್ತನ್ನು ನುಂಗಲು ಮರೆತ. "ಕೂತು ನೋಡೋದಕ್ಕೆ ಕೊಳ್ಳಬೇಕೆ? ನಮ್ಮ ಡ್ರೈವರ್ ಕೊರಗಪ್ಪನಿಗೆ ಹೇಳಿದರೆ ಒಂದು ಸುತ್ತು ಹಾಕಿಸಿಕೊಂಡು ಬರುತ್ತಾನೆ."

"ಅದು ಬೇರೆಯವರ ಕಾರಲ್ಲವಾ? ಅವರು ಅಳುವುದು ಬೇರೆಯವರ ಕಾರಿಗೆ ಅಲ್ಲವಲ್ಲ." ಅವಳು ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದಳು. "ಇನ್ನೊಂದು ತಿನ್ನಿ. ಕಾಲ್ಬಾದೇವಿಯ ಫೋನೂ ನನ್ನ ಬೋರ್ಡಿಗೇ ಬರುವುದು, ರಾಯರೇ. ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ."

ಆ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಚುಚ್ಚುವ ಇರಾದೆಯೂ ಇರಲಿಲ್ಲ. ಅವನು ಇನ್ನೊಂದು ಬನ್ಸ್ ತಿಂದ.

ಮನೆಗೆ ಬಂದು ಎಲ್ಲವನ್ನೂ ಪುಟ್ಟಲಕ್ಷ್ಮಿಗೆ ಹೇಳಿದ. ಅವಳು ಸೊಪ್ಪು ಸೋಸುತ್ತ ಕೇಳಿದಳು.

"ಬರೀ ಕೂತು ನೋಡೋದಕ್ಕಂತಾ?"

"ಹಾಗಂತ ಹೇಳಿದಳು."

"ನೀವು ನಂಬಿದಿರಾ?"

"ನಂಬಿದೆ ಕಣೆ. ಅದೇ ಕಷ್ಟ."

ಪುಟ್ಟಲಕ್ಷ್ಮಿ ಕೈ ನಿಲ್ಲಿಸಿ ಕೋಣೆಯನ್ನು ಒಮ್ಮೆ ನೋಡಿದಳು. ಇದ್ದದ್ದು ಒಂದೇ ಕೋಣೆ. ಗೋಡೆಯಾಚೆ ಪಕ್ಕದವರ ಮಗು ಪಾಠ ಉರು ಹಾಕುತ್ತಿದ್ದುದು ಸ್ಪಷ್ಟವಾಗಿ ಕೇಳುತ್ತಿತ್ತು. "ಅಣ್ಣ ದುಡ್ಡು ಕೊಟ್ಟಿದ್ದಾನೆ ಅಂದರೆ ಸುಳ್ಳೇನಲ್ಲವಲ್ಲ," ಎಂದಳು. ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಸೋಮವಾರ ಬೆಳಿಗ್ಗೆ ಪೇಸ್ತನ್‌ಜಿಯ ಕೋಣೆಗೆ ಹೋಗುವ ದಾರಿಯಲ್ಲಿ ಸೀತಾರಾಮ ಗೂಡಿನ ಬಳಿ ನಿಂತ. "ಒಂದು ಸಲ ಹೆಡ್‌ಫೋನು ಹಾಕಿಕೊಂಡು ನಾನು ಕೇಳಬಹುದೇ?" ಎಂದ. ಏನು ಹೇಳಲು ಹೊರಟು ಏನು ಕೇಳಿದೆನೆಂದು ಅವನಿಗೇ ಆಶ್ಚರ್ಯ. ಶೀಲಾವತಿ ಮರುಮಾತಾಡದೆ ಹೆಡ್‌ಫೋನು ತೆಗೆದು ಅವನಿಗೆ ಕೊಟ್ಟು, ಯಾವ ದೀಪ ಹತ್ತಿದರೆ ಏನು ಮಾಡಬೇಕೆಂದು ತೋರಿಸಿ, ಚಹಾ ಕುಡಿಯಲು ಹೋದಳು.

ಗೂಡಿನಲ್ಲಿ ಗಾಳಿ ಇರಲಿಲ್ಲ. ಪಟ್ಟಿ ತಲೆಯನ್ನು ಬಿಗಿಯಿತು. ದೀಪ ಹತ್ತಿತು. ಒಬ್ಬರು ವರ್ಕ್‌ಷಾಪ್ ಕೇಳಿದರು, ಕೊಟ್ಟ. ಇನ್ನೊಬ್ಬರು ಏನೂ ಕೇಳದೆ ಬೈದು ಇಟ್ಟುಬಿಟ್ಟರು. ಮೂರನೆಯದು ವಯಸ್ಸಾದವರ ದನಿ. ಮೊದಲು ಹಿಂದಿಯಲ್ಲಿ ಶುರುವಾಗಿ, ಇವನ ಉಚ್ಚಾರ ಕೇಳಿ ಕನ್ನಡಕ್ಕೆ ಹೊರಳಿತು.

"ಯಾರ್ರೀ ನೀವು? ಅವ್ವಾರು ಎಲ್ಲಿ?"

"ಚಹಾಕ್ಕೆ ಹೋಗಿದ್ದಾರೆ. ನಿಮ್ಮ ಹೆಸರು?"

"ಸಿದ್ದಲಿಂಗಪ್ಪ ಅಂತ್ರೀ, ಭಾಂಡುಪದಾಗ ಕಟ್ಟಿಗಿ ಅಡ್ಡೆ ಐತಿ ನಮ್ದು. ಈ ತಿಂಗಳಾರ ಏನಾರ ಐತೇನು?"

ಹೆಸರು ಕೇಳಿ ಸೀತಾರಾಮನ ಬೆನ್ನು ನೆಟ್ಟಗಾಯಿತು. ಕಳೆದ ಶನಿವಾರ ತಾನೇ 'ಇಲ್ಲ' ಎಂದು ಬರೆದಿದ್ದ ಹೆಸರು. ಸರದಿ ಬಂದಾಗಲೆಲ್ಲ ಪೇಸ್ತನ್‌ಜಿಯ ಯಾರೋ ಪರಿಚಯದವರಿಗಾಗಿ ಕೆಳಗೆ ಸರಿಸುತ್ತ ಬಂದ ಹೆಸರು. ಬರೆಯುವಾಗ ಅದಕ್ಕೆ ಇಂಥ ಒಂದು ಕೆಮ್ಮು, ಇಂಥ ಒಂದು ಉಸಿರು ಇರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಬಾಯಿ ತೆರೆದ. 'ಇಲ್ಲ' ಎನ್ನುವ ಮಾತು ಹೊರಡಲಿಲ್ಲ.

ಆ ಕಡೆಯವರು ತಾವೇ ಅರ್ಥ ಮಾಡಿಕೊಂಡರು. "ನೀವು ಹೇಳಬ್ಯಾಡ್ರಿ. ಆಕಿ ಬಂದು ಹೇಳ್ಲಿ, ನಾ ಫೋನ್ ಹಿಡಕೊಂಡ ನಿಂತಿರ್ತೀನಿ. ಆಕಿ ಇಲ್ಲ ಅಂದ್ರ ಮನಸಿಗೆ ಅಷ್ಟು ಹತ್ತೂದಿಲ್ಲ ನೋಡ್ರಿ."

ಶೀಲಾವತಿ ಬಂದಳು. ಅವನು ಎದ್ದು ಜಾಗ ಬಿಟ್ಟುಕೊಟ್ಟ. "ಹೇಳಿ ಸಿದ್ದಲಿಂಗಪ್ಪನವರೇ, ಹೆಂಡತಿಯ ಕಾಲುನೋವು ಹೇಗುಂಟು?" ಎಂದು ಅವಳು ಮಾತು ಶುರುಮಾಡಿದ್ದು, ಮೆಟ್ಟಿಲು ಹತ್ತುತ್ತಿದ್ದ ಅವನಿಗೆ ಕೇಳಿಸಿತು.

"ಯಾರು?" ಎಂದರು ಪೇಸ್ತನ್‌ಜಿ, ತಲೆಯೆತ್ತದೆ.

"ಯಾರೂ ಇಲ್ಲ ಸಾಹೇಬ್. ಅವಳೇ."

"ದುಡ್ಡು?"

"ಅವಳದೇ. ಕಡಿಮೆ ಬಿದ್ದದ್ದಕ್ಕೆ ಅಣ್ಣನ ಹತ್ತಿರ ಸಾಲ ಮಾಡಿದ್ದಾಳೆ. ಅಣ್ಣನಿಗೆ ಕಾರು ಬೇಕಿಲ್ಲ, ನಾನೇ ಕೇಳಿ ಬಂದಿದ್ದೇನೆ."

ಪೇಸ್ತನ್‌ಜಿ ಈಗ ತಲೆಯೆತ್ತಿದರು. "ಸಾಲ ಅಂದರೂ ಬೇರೆಯವರ ದುಡ್ಡೇ. ನೀನು ಹ್ಞೂಂ ಅಂದರೆ ತಳ್ಳಿಹಾಕುತ್ತೇನೆ."

"ಅವಳ ಹಿಂದೆ ಯಾರಿದ್ದಾರೆ ಅಂತ ಕೇಳಿದಿರಿ. ನನ್ನ ಹಿಂದೆ ಯಾರಿದ್ದಾರೆ ಅಂತ ಕೇಳಲಿಲ್ಲ."

"ಕೇಳಬೇಕಾ?" ಅವರು ಇಂಗ್ಲಿಷಿಗೆ ತಿರುಗಿದ್ದರು.

"ಕೇಳಿದರೆ ಹೇಳಬೇಕಾಗುತ್ತೆ ಸಾಹೇಬ್. ನನ್ನ ಅರ್ಜಿ ವಾಪಸ್ ಕೊಟ್ಟುಬಿಡಿ."

ಪೇಸ್ತನ್‌ಜಿ ಮೇಜಿನ ಡ್ರಾಯರು ಎಳೆದು ಅವನ ಅರ್ಜಿ ಹೊರತೆಗೆದರು.

ಬಟ್ಟೆ ವ್ಯಾಪಾರಿಗೆ ಬೇರೆ ಕಂಪನಿಯಲ್ಲಿ ಬೇರೆ ಗುಮಾಸ್ತ ಸಿಕ್ಕಿದ. ಗೋರೆಗಾಂವ್‌ನ ಬ್ಲಾಕು ರೈಲ್ವೆಯವರೊಬ್ಬರ ಪಾಲಾಯಿತು. ಪುಟ್ಟಲಕ್ಷ್ಮಿ ಕೆಲವು ದಿನ ಬಡಿಸುವಾಗ ಮಾತ್ರ ಮಾತಾಡಿದಳು. ಆಮೇಲೊಂದು ಸಂಜೆ, "ಬಂತೇ ಅವಳ ಕಾರು? ಯಾವ ಬಣ್ಣ?" ಎಂದು ತಾನಾಗಿ ಕೇಳಿದಳು.

ಕಾರು ಬಂದದ್ದು ಒಂದು ಶನಿವಾರ. ತಿಳಿ ಬೂದಿ ಬಣ್ಣ. ಅರ್ಧ ದಿನದ ಕೆಲಸ ಮುಗಿದ ಮೇಲೆ ಕೊರಗಪ್ಪ ಓಡಿಸಲು ಒಪ್ಪಿದ. ಶೀಲಾವತಿ ಸೀತಾರಾಮನನ್ನೂ ಕರೆದಳು. ಷೋರೂಮಿನ ಹುಡುಗರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವಳು ಹಿಂದಿನ ಬಾಗಿಲು ತೆರೆದು, ಮೊದಲು ಸೀಟನ್ನು ಕೈಯಿಂದ ಒತ್ತಿ ನೋಡಿ, ಆಮೇಲೆ ಒಳಗೆ ಹೋಗಿ ನಡುವೆ ಕೂತಳು.

ಚೌಪಾಟಿ ದಾಟಿ, ಹಾಜಿ ಅಲಿ ದಾಟಿ ವರ್ಲಿಯ ಕಡೆ ಹೊರಟರು. ಅವಳು ಬಾಗಿಲ ಹಿಡಿಯನ್ನು ಮುಟ್ಟಿ ನೋಡಿದಳು, ಗಾಜನ್ನು ಇಳಿಸಿ ಏರಿಸಿದಳು. "ಎಲ್ಲ ಗಾಜೂ ಮೇಲೆ ಮಾಡ್ತೀರಾ ಕೊರಗಪ್ಪಣ್ಣ?" ಎಂದಳು. ಬಸ್ಸುಗಳ ಸದ್ದು, ಸಮುದ್ರದ ಸದ್ದು ಎರಡೂ ದೂರಾದವು, ಅವಳ ಕಿವಿಯಲ್ಲಿ ಯಾರ ದನಿಯೂ ಉಳಿಯಲಿಲ್ಲ. ಸೀತಾರಾಮ ಮುಂದಿನ ಸೀಟಿನಲ್ಲಿ ಕೂತು, ಈಗ ಏನಾದರೂ ಹೇಳುತ್ತಾಳೆ, ಅದರೊಳಗೆ ಎಂತ ಇತ್ತೆಂದು ತಿಳಿಯುತ್ತದೆ ಎಂದು ಕಾದ. ವರ್ಲಿಯಲ್ಲಿ ತಿರುಗಿ ನೋಡಿದರೆ ಅವಳ ತಲೆ ಸೀಟಿನ ಮೂಲೆಗೆ ಒರಗಿತ್ತು, ಬಾಯಿ ತುಸು ತೆರೆದಿತ್ತು, ನಿದ್ದೆ ಹತ್ತಿತ್ತು.

ಕೊರಗಪ್ಪ ಕಡಲ ಕಟ್ಟೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿದ. ಅವಳ ಕಡೆಯ ಗಾಜನ್ನು ಒಂದಿಷ್ಟು ಇಳಿಸಿ, ಇಬ್ಬರೂ ಸದ್ದಾಗದಂತೆ ಬಾಗಿಲು ಒತ್ತಿ ಕೆಳಗಿಳಿದರು. ಕಡಲೆ ಮಾರುವವನೊಬ್ಬ ಕೂಗುತ್ತ ಹತ್ತಿರ ಬಂದ. ಸೀತಾರಾಮ ಕೈ ಅಡ್ಡ ಮಾಡಿದ. ಕಡಲೆಯವನು ಕಾರಿನೊಳಗೆ ಇಣುಕಿ, ಕೂಗುವುದನ್ನು ಬಿಟ್ಟು ಮುಂದೆ ಹೋದ.

ಹೊತ್ತು ಇಳಿದಂತೆ ಬಿಸಿಲು ನೀರಿನ ಮೇಲಿಂದ ನೇರ ಬಂದು ಗಾಜಿನ ಮೂಲಕ ಅವಳ ಮುಖಕ್ಕೆ ಬೀಳತೊಡಗಿತು. ಕೊರಗಪ್ಪ ತನ್ನ ಖಾಕಿ ಕೋಟು ಬಿಚ್ಚಿ ಕಿಟಕಿಗೆ ಅಡ್ಡ ಹಿಡಿದ. ಗಾಳಿಗೆ ಅದು ಪಟಪಟ ಬಡಿಯತೊಡಗಿತು. ಸೀತಾರಾಮ ಹೋಗಿ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡು ನಿಂತ.